ಲಿನಕ್ಸ್ ರೆಕಾರ್ಡಿಂಗ್: ಹೊಸ ಸೌಂಡ್ ಕಾರ್ಡ್ ತಗೊಳೋ ಮುಂಚೆ

ಮಾನ್ಯ ಸಂಪಾದಕರೇ,

ಲಿನಕ್ಸ್‌ನಲ್ಲಿ ಹಾಡು ರೆಕಾರ್ಡ್ ಮಾಡಿದ್ರೆ ಧ್ವನಿ ತಡವಾಗಿ ಕೇಳುತ್ತೆ, ಚಟಪಟ ಸದ್ದು ಬರುತ್ತೆ, ಹಂಗಾಗಿ ಒಳ್ಳೆ ಸೌಂಡ್ ಕಾರ್ಡ್ ತಗೊಳ್ಳಿ ಅಂತ ನಿಮ್ಮ ಕಂಪ್ಯೂಟರ್ ಅಂಕಣದಲ್ಲಿ ಬಂದಿತ್ತು. ತೊಂದರೆ ನಿಜ, ಆದ್ರೆ ಪರಿಹಾರ ಹೇಳೋಕೆ ಸ್ವಲ್ಪ ಅವಸರ ಮಾಡಿದ್ರಿ ಅನ್ಸುತ್ತೆ.

ತಡ ಆಗೋದು ಮುಖ್ಯವಾಗಿ ಬಫರ್‌ನಿಂದ, ಅಂದ್ರೆ ಕಂಪ್ಯೂಟರ್ ಒಂದೊಂದು ಸಲಕ್ಕೆ ಕೂಡಿಸಿಟ್ಟು ಕಳಿಸೋ ಧ್ವನಿಯ ತುಣುಕಿನಿಂದ. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಲೆಕ್ಕದಲ್ಲಿ 1024ರ ಬಫರ್ ಅಂದ್ರೆ 21 ಮಿಲಿಸೆಕೆಂಡ್, 256 ಅಂದ್ರೆ 5 ಚಿಲ್ಲರೆ, ಅಂದ್ರೆ ತಬಲಾದವರು ನಿಮ್ಮಿಂದ ಆರಡಿ ದೂರ ಕೂತಿದ್ರೆ ಆಗೋಷ್ಟು ತಡ, ಅದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಆದ್ರೆ ಬಫರ್ ಇಳಿಸಿದ ಮೇಲೆ ಕಂಪ್ಯೂಟರ್ ಪ್ರತೀ ಸಲವೂ ಆ 5 ಮಿಲಿಸೆಕೆಂಡ್ ಒಳಗೇ ಕೆಲಸ ಮುಗಿಸ್ಬೇಕು, ಒಂದೇ ಒಂದು ಸಲ ತಪ್ಪಿದ್ರೂ ಕಿವಿಗೆ ಚಟ್ ಅನ್ನುತ್ತೆ, ಇದಕ್ಕೇ ಎಕ್ಸ್‌ರನ್ ಅನ್ನೋದು. ಹಂಗಾಗಿ ಲ್ಯಾಪ್‌ಟಾಪ್ ಎಷ್ಟು ಫಾಸ್ಟ್ ಅನ್ನೋದಲ್ಲ ಪ್ರಶ್ನೆ, ಮಧ್ಯೆ ಬೇರೆ ಯಾವ ಕೆಲಸ ಅಡ್ಡ ಬಂತು ಅನ್ನೋದು.

ಅದನ್ನ ನೋಡೋಕೆ ದುಡ್ಡು ಬೇಡ. ಲಿನಕ್ಸ್‌ನ ಫೆಡೋರಾ 34 (2021), ಉಬುಂಟು 22.10 ಇಂದ ಈಚೆಗೆ ಧ್ವನಿ ನೋಡ್ಕೊಳ್ಳೋ ಪೈಪ್‌ವೈರ್ ಅನ್ನೋ ಸಾಫ್ಟ್‌ವೇರ್ ತಾನಾಗೇ ಬರುತ್ತೆ. ಟರ್ಮಿನಲ್‌ನಲ್ಲಿ ಅದರ ಪಿಡಬ್ಲ್ಯೂ-ಟಾಪ್ (pw-top) ಕಮಾಂಡ್ ಓಡಿಸಿ, ಎರರ್ (ERR) ಕಾಲಂನಲ್ಲಿ ಸಂಖ್ಯೆ ಏರ್ತಿದೆಯಾ ನೋಡಿ. ನೀವು 256ರ ಬಫರ್ ಕೇಳಿದ್ರೂ ನಿಜವಾಗ್ಲೂ ಎಷ್ಟರಲ್ಲಿ ಓಡ್ತಿದೆ ಅಂತಾನೂ ಅಲ್ಲೇ ಕಾಣುತ್ತೆ. ಎರರ್ ಏರ್ತಿದ್ರೆ ಸಿಪಿಯು ಪವರ್‌ಸೇವ್‌ನಲ್ಲಿ (ಕರೆಂಟ್ ಉಳಿಸೋ ಮೋಡ್) ಇದೆಯಾ, ಆಡಿಯೋಗೆ ರಿಯಲ್‌ಟೈಮ್ ಪರ್ಮಿಷನ್ (ಬೇರೆ ಕೆಲಸಕ್ಕಿಂತ ಮುಂಚೆ ಓಡೋ ಅನುಮತಿ) ಸಿಕ್ಕಿದೆಯಾ ನೋಡಿ, ವೈಫೈ ಆಫ್ ಮಾಡಿ ನೋಡಿ, ಯುಎಸ್‌ಬಿ ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ ನೋಡಿ. ಒಂದೊಂದೇ ಮಾಡಿ ದಯವಿಟ್ಟು! ಎಲ್ಲಿಂದಲೋ ಹತ್ತು ಸಾಲು ಕಾನ್ಫಿಗ್ ತಂದು ಅಂಟಿಸಿದ್ರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟೋಯ್ತು ದೇವರಿಗೇ ಗೊತ್ತು. ಬ್ಲೂಟೂತ್ ಇಯರ್‌ಫೋನ್ ಹಾಕೊಂಡು ಹಾಡೋರಿಗೆ ಮಾತ್ರ ಈ ಯಾವುದೂ ಉಪಯೋಗಕ್ಕೆ ಬರಲ್ಲ, ಬ್ಲೂಟೂತಲ್ಲೇ ತಡ ಜಾಸ್ತಿ, ವೈರ್ ಇರೋದು ತಗೊಳ್ಳಿ ಅಷ್ಟೇ.

ರಿಯಲ್‌ಟೈಮ್ ಕರ್ನಲ್, ಅಂದ್ರೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸೋ ಹಾಗೆ ಪ್ಯಾಚ್ ಹಾಕಿ ಬದಲಾಯಿಸಿದ ಲಿನಕ್ಸ್‌ನ ತಿರುಳು, ಬೇಕೇ ಬೇಕು ಅನ್ನೋರೂ ಇದ್ದಾರೆ. ಆ ಪ್ಯಾಚ್ 2024ರಲ್ಲಿ 6.12ನೇ ಆವೃತ್ತಿಗೆ, ಅಂದ್ರೆ ಮುಖ್ಯ ಕರ್ನಲ್‌ಗೇ ಸೇರಿದೆ, ಸಂತೋಷ, ಆದ್ರೆ ಮನೇಲಿ ರೆಕಾರ್ಡ್ ಮಾಡೋರು ಬಹಳಷ್ಟು ಜನಕ್ಕೆ ಮಾಮೂಲಿ ಕರ್ನಲ್ಲನ್ನೇ ಪ್ರೀಎಂಪ್ಟ್ ಫುಲ್ (preempt=full) ಆಪ್ಷನ್ ಕೊಟ್ಟು ಬೂಟ್ ಮಾಡಿದ್ರೆ ಸಾಕಾಗುತ್ತೆ.

ಇನ್ನೊಂದು ವಿಷಯ, ನಿಮ್ಮ ಅಂಕಣದಲ್ಲಿ ಇದು ಬರಲೇ ಇಲ್ಲ. ಬರೀ ಹಾಡೋರಿಗೆ ಕಮ್ಮಿ ಲೇಟೆನ್ಸಿ (ಧ್ವನಿಯ ತಡ) ಬೇಕಾಗೇ ಇಲ್ಲ. ಸಾಕಷ್ಟು ಯುಎಸ್‌ಬಿ ಇಂಟರ್‌ಫೇಸ್‌ಗಳಲ್ಲಿ (ಮೈಕ್ ಸಿಕ್ಕಿಸೋ ಹೊರಗಿನ ಸೌಂಡ್ ಕಾರ್ಡ್) ಡೈರೆಕ್ಟ್ ಮಾನಿಟರ್ ಬಟನ್ ಇರುತ್ತೆ, ಅದನ್ನ ಒತ್ತಿದ್ರೆ ನಿಮ್ಮ ಧ್ವನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನಿಗೇ ಬರುತ್ತೆ, ಬಫರ್ 1024 ಇಟ್ಟು ಆರಾಮಾಗಿ ಹಾಡ್ಬಹುದು. ಕೀಬೋರ್ಡ್ ಒತ್ತಿ ಸಾಫ್ಟ್‌ವೇರಿಂದ ಪಿಯಾನೋ ನುಡಿಸೋರಿಗೆ, ಗಿಟಾರ್ ಎಫೆಕ್ಟ್ ಹಾಕೋರಿಗೆ ಮಾತ್ರ ಈ 256, 128ರ ತಲೆನೋವು. ಮುಂದಿನ ಅಂಕಣದಲ್ಲಿ ಇದಕ್ಕೊಂದು ಪ್ಯಾರಾ ಕೊಡಿ, ಈಗಾಗ್ಲೇ ದುಡ್ಡು ಹೊಂದಿಸ್ತಿರೋ ಹುಡುಗರು ಇರಬಹುದು.

— ಒಬ್ಬ ಓದುಗ, ಮೈಸೂರು