ಅಮ್ಮನಿಗೆ, ಮಲ್ಲಿಗೆಯ ಚಹಾದ ವಿಷಯವಾಗಿ

ಹ್ಯಾಂಬರ್ಗ್
ಮಾರ್ಚ್ 9

ಪ್ರೀತಿಯ ಅಮ್ಮನಿಗೆ ನಿನ್ನ ಮಗಳು ಮಾಡುವ ನಮಸ್ಕಾರಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನು, ಅಪ್ಪ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಫೋನಿನಲ್ಲಿ ಶುರು ಮಾಡಿದರೆ ಅರ್ಧಕ್ಕೇ ನಿಂತುಹೋಗುವ ಒಂದು ವಿಷಯವನ್ನು ಸಾವಧಾನವಾಗಿ ತಿಳಿಸಬೇಕೆಂದು ಈ ಕಾಗದ ಬರೆಯುತ್ತಿದ್ದೇನೆ. ಮುಂದಿನ ವಾರ ಉಡುಪಿಗೆ ಬರುವ ನಮ್ಮ ಸ್ನೇಹಿತರ ಕೈಯಲ್ಲಿ ಒಂದು ಸಣ್ಣ ತಗಡಿನ ಡಬ್ಬಿ ಕಳಿಸುತ್ತೇನೆ. ಅದರಲ್ಲಿರುವುದು ಮಲ್ಲಿಗೆಯ ಚಹಾ. ಅದನ್ನು ಹಾಲು, ಸಕ್ಕರೆ ಹಾಕಿ ಕುದಿಸಬೇಡ. ನಾನು ಮೊದಲ ಸಲ ಹಾಗೆಯೇ ಕುದಿಸಿ, ಪರಿಮಳವೆಲ್ಲ ಹಬೆಯಾಗಿ ಹೋಗಿ, ಕಹಿ ಮಾತ್ರ ಉಳಿದ ಪಾತ್ರೆಯನ್ನು ತೊಟ್ಟಿಗೆ ಸುರಿದೆ. ಆ ದಿನದ ಬೇಸರ ಇನ್ನೂ ನೆನಪಿದೆ.

ನಮ್ಮ ಮನೆಯಲ್ಲಿ ಚಾ ಎಂದರೆ ಕಾಳಿನಂಥ ಕಪ್ಪು ಪುಡಿ. ಎಲೆಯನ್ನು ಯಂತ್ರದ ಹಲ್ಲುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡಿದ ಸಿಟಿಸಿ ಚಹಾ ಅದು. ಹಾಲಿನಲ್ಲಿ ಎಷ್ಟು ಕುದಿಸಿದರೂ ಅದರ ಬಣ್ಣ, ಒಗರು ಎರಡೂ ಸೋಲುವುದಿಲ್ಲ. ಇಲ್ಲಿ ನಾನು ಹೋಗುವ ಅಂಗಡಿಯಲ್ಲಿ ಇಡೀ ಎಲೆಯನ್ನು ದೊಡ್ಡ ಡಬ್ಬಿಗಳಲ್ಲಿ ತುಂಬಿಟ್ಟು, ಕೇಳಿದವರಿಗೆ 50 ಗ್ರಾಂ, 100 ಗ್ರಾಂ ಎಂದು ತೂಗಿ ಕೊಡುತ್ತಾರೆ. ತೂಗುವ ಮೊದಲು ಅಂಗಡಿಯಾಕೆ ಡಬ್ಬಿಯ ಮುಚ್ಚಳ ತೆಗೆದು ನಮ್ಮ ಮೂಗಿನ ಹತ್ತಿರ ಹಿಡಿಯುತ್ತಾಳೆ. ಸಂತೆಯಲ್ಲಿ ನೀನು ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿ ಮೂಸಿ ನೋಡಿ ಕೊಳ್ಳುವಂತೆ, ಇಲ್ಲಿ ಚಹಾವನ್ನು ಮೂಸಿ ಕೊಳ್ಳಬೇಕು ಎಂಬುದನ್ನು ನಾನು ಅಲ್ಲಿಯೇ ಕಲಿತೆ.

ಚಳಿಗಾಲವಿಡೀ ಭಾನುವಾರಕ್ಕೊಂದು ಬಗೆಯಂತೆ ತಂದು ಮನೆಯಲ್ಲಿ ಕುಡಿದು ನೋಡಿದೆವು. ಅರ್ಲ್ ಗ್ರೇ ಎಂಬ ಕಪ್ಪು ಚಹಾಕ್ಕೆ ದಕ್ಷಿಣ ಇಟಲಿಯ ಕಲಾಬ್ರಿಯಾದಲ್ಲಿ ಬೆಳೆಯುವ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆಯನ್ನು ಸೇರಿಸಿರುತ್ತಾರೆ. ಉಪ್ಪಿನಕಾಯಿಗೆ ಹೇರಳೆಕಾಯಿ ಹೆಚ್ಚುವಾಗ ಬೆರಳಿಗೆ ಹತ್ತಿಕೊಳ್ಳುತ್ತದಲ್ಲ, ಹೆಚ್ಚುಕಡಿಮೆ ಅದೇ ವಾಸನೆ. ಜಪಾನಿನ ಗೆನ್‌ಮೈಚಾದಲ್ಲಿ ಹಸಿರು ಚಹಾದ ಜೊತೆ ಹುರಿದ ಅಕ್ಕಿ ಬೆರೆತಿರುತ್ತದೆ. ನಡುನಡುವೆ ಅರಳಿದ ಕಾಳುಗಳೂ ಕಾಣುತ್ತವೆ. ಅದಕ್ಕೆ ಬಿಸಿನೀರು ಹೊಯ್ದ ಕೂಡಲೇ ಮಳೆಗಾಲದ ಸಂಜೆ ಅಜ್ಜಿ ಬಾಣಲೆಯಲ್ಲಿ ಕುಚ್ಚಲಕ್ಕಿ ಹುರಿದು ಬೆಲ್ಲ, ಕಾಯಿತುರಿ ಕಲಸಿ ಕೊಡುತ್ತಿದ್ದುದು ಕಣ್ಣಮುಂದೆ ಬಂತು. ಚೀನಾದ ವುಯಿ ಬೆಟ್ಟಗಳ ಲಾಪ್ಸಾಂಗ್ ಸೂಚಾಂಗ್ ಎಂಬುದು ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಎಲೆ. ಅದರದ್ದು ನಮ್ಮ ಬಚ್ಚಲೊಲೆಯ ವಾಸನೆ. ಇವರಿಗೆ ಹಿಡಿಸಲಿಲ್ಲ, ನನಗೆ ಬಹಳ ಹಿಡಿಸಿತು.

ಸ್ಟ್ರಾಬೆರಿ, ವೆನಿಲಾ, ಕ್ಯಾರಮೆಲ್ ಎಂದು ಹೆಸರಿಟ್ಟ ಚಹಾಗಳನ್ನೂ ತಂದಿದ್ದೆವು. ಅವುಗಳ ಪರಿಮಳ ಮುಚ್ಚಳ ತೆಗೆದಾಗ ಕೋಣೆಯೆಲ್ಲ ತುಂಬುತ್ತದೆ, ಬಾಯಿಗೆ ಬರುವುದಿಲ್ಲ. ಎಲೆಯ ಮೇಲೆ ಎಸೆನ್ಸ್ ಸಿಂಪಡಿಸಿದರೆ ಆಗುವುದು ಅಷ್ಟೇ ಎಂದು ನನಗೆ ತೋರಿತು. ಅವನ್ನು ಮತ್ತೆ ತರಲಿಲ್ಲ.

ನಮ್ಮ ಕೆಳಮನೆಯ ವೃದ್ಧೆ ಈ ದೇಶದ ವಾಯವ್ಯದಲ್ಲಿರುವ ಪೂರ್ವ ಫ್ರೀಸಿಯಾ ಪ್ರಾಂತ್ಯದವರು. ಅಲ್ಲಿಯವರು ಚಹಾವನ್ನು ಎಷ್ಟು ಪ್ರೀತಿಸುತ್ತಾರೆಂದರೆ, ಅವರು ಚಹಾ ಕುಡಿಯುವ ಪದ್ಧತಿಯನ್ನು 2016ರಲ್ಲಿ ಜರ್ಮನಿಯ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೇ ಸೇರಿಸಲಾಗಿದೆ. ಒಂದು ಮಧ್ಯಾಹ್ನ ಅವರು ನನ್ನನ್ನು ಕರೆದು ಕೂರಿಸಿ, ತೆಳುವಾದ ಪಿಂಗಾಣಿ ಬಟ್ಟಲಿನಲ್ಲಿ ದಪ್ಪನೆಯ ಕಲ್ಲುಸಕ್ಕರೆಯ ಹರಳೊಂದನ್ನು ಇಟ್ಟು, ಅದರ ಮೇಲೆ ಅಸ್ಸಾಮಿನ ಎಲೆಯ ಗಾಢವಾದ ಚಹಾವನ್ನು ಸುರಿದರು. ಹರಳು ಚಟಚಟನೆ ಬಿರಿದ ಸದ್ದು ಕೇಳಿಸಿತು. ಆಮೇಲೆ ಪುಟ್ಟ ಸೌಟಿನಿಂದ ಕೆನೆಯನ್ನು ಬಟ್ಟಲಿನ ಅಂಚಿಗೆ ತಾಗುವಂತೆ ಇಳಿಬಿಟ್ಟರು; ಅದು ತಳಕ್ಕೆ ಹೋಗಿ ಮೋಡದ ಹಾಗೆ ಮೇಲೆದ್ದು ಬಂತು. ಕಲಕಬಾರದು ಎಂದರು. ಮೊದಲ ಗುಟುಕಿಗೆ ಕೆನೆ, ಆಮೇಲೆ ಚಹಾದ ಕಹಿ, ಕೊನೆಗೆ ಸಿಹಿ, ಹೀಗೆ ಒಂದೇ ಬಟ್ಟಲಿನಲ್ಲಿ ಮೂರು ರುಚಿ. ಮೂರು ಬಟ್ಟಲು ಕುಡಿಯದೆ ಏಳುವಂತಿಲ್ಲವಂತೆ. ಸಾಕೆನಿಸಿದರೆ ಚಮಚವನ್ನು ಬಟ್ಟಲಿನೊಳಗೆ ಇಡಬೇಕಂತೆ. ಹಾಲು ಹಾಕದ ಕಣ್ಣಚಹಾದ ಜೊತೆ ಬೆಲ್ಲದ ಚೂರನ್ನು ಕಚ್ಚಿಕೊಳ್ಳುವ ನಮ್ಮ ಅಜ್ಜಿಗೆ ಇದನ್ನು ತಪ್ಪದೆ ಓದಿ ಹೇಳು.

ಇನ್ನು ಮಲ್ಲಿಗೆಯ ವಿಷಯ. ಈ ಚಹಾ ಬರುವುದು ಚೀನಾದ ಫುಜಿಯಾನ್ ಪ್ರಾಂತ್ಯದ ಫುಝೌ ಊರಿನ ಕಡೆಯಿಂದ. ಅಲ್ಲಿಯ ಮಲ್ಲಿಗೆ ಮತ್ತು ಚಹಾ ಕೃಷಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿದೆ. ಅವರು ಬಳಸುವ ಹೂವು ನಮ್ಮ ದುಂಡುಮಲ್ಲಿಗೆ, ಶಂಕರಪುರ ಮಲ್ಲಿಗೆಗಳ ಜಾತಿಗೇ ಸೇರಿದ್ದು. ವಸಂತದಲ್ಲಿ ಮಾಡಿದ ಹಸಿರು ಚಹಾವನ್ನು ಮಲ್ಲಿಗೆ ಬಿಡುವ ಬೇಸಿಗೆಯವರೆಗೆ ಕಾದಿಟ್ಟು, ಹಗಲು ಕೊಯ್ದ ಮೊಗ್ಗನ್ನು ಸಂಜೆ ಎಲೆಯ ಜೊತೆ ಬೆರೆಸುತ್ತಾರೆ. ಮೊಗ್ಗು ರಾತ್ರಿ ಬಿರಿಯುತ್ತಾ ಪರಿಮಳ ಬಿಡುತ್ತದೆ, ಒಣ ಎಲೆ ಅದನ್ನು ಹೀರಿಕೊಳ್ಳುತ್ತದೆ. ಬೆಳಗಾದಾಗ ಹೂವನ್ನು ಬೇರ್ಪಡಿಸಿ, ಹೂವಿನ ತೇವ ಹಿಡಿದ ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಒಳ್ಳೆಯ ಚಹಾಕ್ಕೆ ಹೊಸ ಹೊಸ ಹೂವು ಹಾಕಿ ಇದನ್ನೇ ಹಲವು ರಾತ್ರಿ ಮಾಡುತ್ತಾರೆ. ಇದನ್ನು ತಿಳಿದಾಗ ನನಗೆ ನೆನಪಾದವಳು ನೀನೇ, ಅಮ್ಮ. ಬೆಳಗ್ಗೆ ಬಿರಿಯದ ಮೊಗ್ಗನ್ನೇ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ, ಬಾಳೆಲೆಯಲ್ಲಿ ಸುತ್ತಿ, ಅಟ್ಟೆ ಲೆಕ್ಕದಲ್ಲಿ ಹೂವು ಕೊಳ್ಳುವ ಕಟ್ಟೆಗೆ ಕಳಿಸುವಾಗ, "ಪರಿಮಳ ಬರುವುದು ರಾತ್ರಿಗೆ, ಈಗ ಮೂಸಿ ಏನು ಸಿಗುತ್ತದೆ" ಎಂದು ನೀನು ನನ್ನ ಕೈಯಿಂದ ಹೂವು ಕಸಿದುಕೊಳ್ಳುತ್ತಿದ್ದೆ. ಫುಝೌದವರ ಕಸುಬೆಲ್ಲ ನಿಂತಿರುವುದು ಆ ಮಾತಿನ ಮೇಲೆಯೇ.

ಡಬ್ಬಿಯಲ್ಲಿರುವುದನ್ನು ಮಾಡುವ ಕ್ರಮ ಹೀಗೆ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಐದಾರು ನಿಮಿಷ ಬಿಡು. ಸುಮಾರು 80 ಡಿಗ್ರಿಗೆ ಇಳಿಯಬೇಕು. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಎಲೆ ಹಾಕಿ, ಮುಚ್ಚಿಟ್ಟು, ಎರಡು ನಿಮಿಷಕ್ಕೆ ಸೋಸು. ಅದೇ ಎಲೆಗೆ ಇನ್ನೂ ಎರಡು ಸಲ ನೀರು ಹಾಕಬಹುದು. ಇಲ್ಲಿ ನಮ್ಮ ನಲ್ಲಿಯ ನೀರು ಗಡಸು, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಚಹಾದ ಮೇಲೂ ತೆಳು ಪೊರೆ ಕೂರುತ್ತದೆ. ಊರಿನ ನಮ್ಮ ಬಾವಿಯ ಮೆದು ನೀರಿನಲ್ಲಿ ಇದರ ರುಚಿ ಇಲ್ಲಿಗಿಂತ ಚೆನ್ನಾಗಿಯೇ ಬರಬೇಕು.

ಕುಡಿದು ನೋಡಿದ ಮೇಲೆ ನೀನು ನನಗಾಗಿ ಒಂದು ಕೆಲಸ ಮಾಡಬೇಕು. ಅಪ್ಪ ಪೇಟೆಗೆ ಹೋದಾಗ ನೀಲಗಿರಿಯ ಹಸಿರು ಎಲೆ ಚಹಾ 100 ಗ್ರಾಂ ತರಲಿ. ಔಷಧಿ ಹೊಡೆಯದ ಅಂಗಳದ ಗಿಡದ ಮೊಗ್ಗನ್ನು ಬೆಳಗ್ಗೆ ಕೊಯ್ದಿಟ್ಟು, ಸಂಜೆ ಅವು ಬಾಯಿ ಬಿಡುವ ಹೊತ್ತಿಗೆ ಸ್ಟೀಲ್ ಡಬ್ಬಿಯಲ್ಲಿ ಒಂದು ಪದರ ಎಲೆ, ಒಂದು ಪದರ ಹೂವು ಹರಡಿ ಮುಚ್ಚಿಡು. ಬೆಳಗ್ಗೆ ಹೂವನ್ನೆಲ್ಲ ಆರಿಸಿ ತೆಗೆದು, ಎಲೆಯನ್ನು ಬಾಣಲೆಯಲ್ಲಿ ಬಹಳ ಸಣ್ಣ ಉರಿಯಲ್ಲಿ ತೇವ ಹೋಗುವವರೆಗೆ ಆಡಿಸು. ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಹೀಗೆ ಮೂರು ರಾತ್ರಿ ಮಾಡಿ, ಎರಡು ಚಹಾವನ್ನೂ ಅಕ್ಕಪಕ್ಕ ಇಟ್ಟು ಕುಡಿದು, ಯಾವುದರ ಪರಿಮಳ ಗಂಟಲಿನವರೆಗೂ ಇಳಿಯಿತೆಂದು ನನಗೆ ಬರೆ. ಅಪ್ಪನ ಅಭಿಪ್ರಾಯವನ್ನೂ ಬೇರೆಯಾಗಿ ಬರೆದು ಕಳಿಸು. ಮೇ ತಿಂಗಳಲ್ಲಿ ನಾವು ಬರುವಷ್ಟರಲ್ಲಿ ಒಂದು ಹಿಡಿಯಷ್ಟಾದರೂ ಉಳಿಸಿಡು.

ಅಪ್ಪನಿಗೆ, ಅಜ್ಜಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು.

ಇತಿ,
ನಿನ್ನ ಪ್ರೀತಿಯ ಮಗಳು