ಸೆರಗಿನ ಕೊಂಡಿ: ಮಗಳಿಗೊಂದು ಪತ್ರ

ಇಳಕಲ್

ಪ್ರೀತಿಯ ಮಗಳೇ,

ನಮ್ಮ ಸೀರೆ ಮಾರಲು ಇನ್‌ಸ್ಟಾಗ್ರಾಮ್‌ನಲ್ಲಿ ನೀನು ಬರೆದುಕೊಂಡ ಪರಿಚಯವನ್ನು ನಿನ್ನ ತಮ್ಮ ಓದಿ ಹೇಳಿದ. ಎರಡು ಸಲ ಓದಿಸಿದೆ. 'ಮೂರು ತಲೆಮಾರಿನ ಕೈಮಗ್ಗದ ಮನೆ. ಲಾಳಿಯ ಸದ್ದಿನಲ್ಲೇ ಬೆಳೆದವಳು.' ಕೇಳಲು ಚೆಂದ ಇದೆ. ಆದರೆ ನೀನು ಎರಡನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪ ಕುಣಿ ಮಗ್ಗ ಮುಚ್ಚಿ ಪವರ್‌ಲೂಮ್ ಹಾಕಿಸಿದರು, ಅಲ್ವಾ? ಆ ಗದ್ದಲಕ್ಕೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಓದುತ್ತಿದ್ದವಳು ನೀನು.

ಬ್ರ್ಯಾಂಡ್ ಆಗಬೇಕಾದರೆ ನಮಗೊಂದು ಕಥೆ ಇರಬೇಕು ಅಂತ ಕೋರ್ಸಿನಲ್ಲಿ ಹೇಳಿಕೊಟ್ಟರು ಅಂದೆ. ಕಿವಿಯ ಹತ್ತಿಯೂ ಕಥೆಯೇ. ಅದನ್ನೇ ಬರೆ. ಪವರ್‌ಲೂಮ್ ಅಂದರೆ ನಾಚಿಕೆ ಯಾಕೆ? ನಿನ್ನ ಕಾಲೇಜು ಫೀ ಕಟ್ಟಿದ್ದು ಅದೇ.

ಇನ್ನೊಂದು ಮಾತು. ಇದನ್ನು ನಿನಗೆ ಇದುವರೆಗೆ ಹೇಳಿಲ್ಲ. ಆಗಷ್ಟೇ ಪವರ್‌ಲೂಮ್ ಬಂದಿತ್ತು. ಊರಾಚೆಯ ಹೆಣ್ಣುಮಗಳೊಬ್ಬಳು ಮನೆಗೇ ಬಂದು ಕಡುಹಸಿರು ಸೀರೆ ಆರಿಸಿದಳು. 'ಕೈಮಗ್ಗದ್ದೇನ್ರಿ?' ಅಂದಳು. ನಾನು ಹೂಂ ಅಂದುಬಿಟ್ಟೆ. ಬಾಯಿಂದ ಹೊರಟೇ ಹೋಯಿತು. ತಿಂಗಳು ಬಿಟ್ಟು ಅತ್ತೆಯನ್ನು ಕರೆದುಕೊಂಡು ಬಂದಳು. ಆ ಮುದುಕಿ ಏನೂ ಮಾತಾಡಲಿಲ್ಲ. ಸೀರೆ ಮಗುಚಿದಳು. ಒಡಲು ಮುಗಿದು ಸೆರಗು ಶುರುವಾಗುವ ಕಡೆ ಹೆಬ್ಬೆರಳು ಆಡಿಸಿದಳು. 'ಕೊಂಡಿ ಎಲ್ಲಿ ತಂಗಿ?' ಅಂದಳು.

ಕೊಂಡಿ ಅಂದರೆ ನಿನಗೆ ಗೊತ್ತು, ನಿನ್ನ ಗಿರಾಕಿಗಳಿಗೆ ಗೊತ್ತಿರಲಿಕ್ಕಿಲ್ಲ. ಅದನ್ನು ಬಿಡಿಸಿ ಬರೆ. ನಮ್ಮ ಕೈಮಗ್ಗದ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಕೆಂಪು ಸೆರಗಿಗೆ ರೇಷ್ಮೆ. ಎರಡೂ ಹಾಸಿನ ಎಳೆ ಎಳೆಯನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಬೇಕು. ಹಾಗಾಗಿ ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಒಂದು ಸೀರೆ ಇಳಿಯಲು ವಾರ ಹಿಡಿಯುತ್ತದೆ. ಆಮೇಲೆ ಸೆರಗಿನಲ್ಲಿ ಬಿಳಿ ತೆನೆ ಮೂಡುತ್ತದೆ, ಅದಕ್ಕೇ ಟೋಪ್ ತೆನಿ ಅನ್ನುವುದು. ಎಳೆ ಸಿಕ್ಕಿಸಿ ಸಿಕ್ಕಿಸಿ ನನ್ನ ಕಣ್ಣಿಗೆ ಕನ್ನಡಕ ಬಂತು. ನಮ್ಮ ಪವರ್‌ಲೂಮ್ ಸೀರೆಗೆ ಆ ಕೊಂಡಿ ಇಲ್ಲ.

ಮುದುಕಿಗೆ ದುಡ್ಡು ವಾಪಸ್ ಕೊಟ್ಟೆ. ಜಗಳ ಆಡಲಿಲ್ಲ. ಚಹಾ ಕುಡಿದು, ಲೋಟ ತೊಳೆಯಲು ಎದ್ದಳು. ಅದೇ ನನಗೆ ಜಾಸ್ತಿ ಚುಚ್ಚಿತು. ಅವರಿಬ್ಬರೂ ಮತ್ತೆ ನಮ್ಮ ಓಣಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಆಗಸ್ಟ್ 7ಕ್ಕೆ ಮಾರಾಟ ಶುರು ಮಾಡುತ್ತೇನೆ ಅಂದಿದ್ದೀಯ. ಅದು ಕೈಮಗ್ಗ ದಿನ. 1905ರಲ್ಲಿ ಸ್ವದೇಶಿ ಚಳವಳಿ ಶುರುವಾದ ತಾರೀಖು ಅಂತ 2015ರಿಂದ ಆಚರಿಸುತ್ತಾರೆ. ಆ ದಿನ ನಮ್ಮ ಮಿಷನ್ ಸೀರೆಯನ್ನು ಕೈಮಗ್ಗದ್ದು ಅಂತ ಸುಮ್ನೆ ತೂರಿಸಬೇಡ. ನಾಲ್ಕು ಕೈಮಗ್ಗದ್ದು, ಹದಿನಾರು ಪವರ್‌ಲೂಮಿನದು ಕಳಿಸುತ್ತಿದ್ದೇನೆ. ಎರಡಕ್ಕೂ ಬೇರೆ ಬೇರೆ ಚೀಟಿ ಹೊಲಿದಿದ್ದೇನೆ, ಕಿತ್ತು ಹಾಕಬೇಡ. ಫೋಟೋ ತೆಗೆಯುವಾಗ ಸೆರಗು ಮಗುಚಿ ಒಂದು ತೆಗೆ.

ನಿನಗೆ ನೇಯಲು ಬರುವುದಿಲ್ಲ, ಆದರೆ ಕಸೂತಿ ಬರುತ್ತದೆ. ಅದನ್ನು ಯಾಕೆ ಬರೆದಿಲ್ಲ? ಗವಂತಿ, ಮುರ್ಗಿ ಎರಡೂ ಹೊಲಿಗೆ ನಿನ್ನ ಕೈಯಲ್ಲಿ ಹದವಾಗಿ ಕೂರುತ್ತವೆ. ಎಳೆ ಎಣಿಸಿ, ಗಂಟು ಹಾಕದೆ, ಹಿಂದೆ ಮುಂದೆ ಒಂದೇ ಥರ ಕಾಣುವ ಹಾಗೆ ಹಾಕುತ್ತೀಯ. ನನಗೆ ಇಂದಿಗೂ ಹಿಂದೆ ಗಂಟು ಬೀಳುತ್ತದೆ. ತೇರು, ಆನೆ ನೀನೇ ಹಾಕಿದ್ದು. ಅದಕ್ಕೆ ಮೂರು ತಲೆಮಾರು ಬೇಕಾಗಿಲ್ಲ.

ಕಡೆಯದಾಗಿ ಆ ಫೋಟೋ. 'ನನ್ನ ಅಜ್ಜಿ' ಅಂತ ಹಾಕಿದ್ದೀಯಲ್ಲ, ರಾಟಿ ತಿರುಗಿಸುತ್ತಾ ಕೂತಿರುವುದು ನಿನ್ನ ಅಜ್ಜಿಯಲ್ಲ, ಎದುರು ಮನೆಯವರು. ನಿಮ್ಮಜ್ಜಿ ಫೋಟೋಗೆ ಕೂತದ್ದೇ ಇಲ್ಲ. ನಿನ್ನೆ ನೀರು ಹಿಡಿಯುವಾಗ ಅವರಿಗೆ ವಿಷಯ ಹೇಳಿದೆ. ಸಿಟ್ಟಾಗಲಿಲ್ಲ. 'ಮೊದಲೇ ಹೇಳಬಾರದಾ? ಹೊಸ ಸೀರೆ ಉಟ್ಟು ಕೂರುತ್ತಿದ್ದೆ' ಅಂದರು.

ಇಂತಿ,
ನಿನ್ನ ಅವ್ವ