50 ಕ್ರೆಡಿಟ್‌ ಗಳಿಸಿದ್ದೇನೆ, ಖಾತೆಯಲ್ಲಿ ಇರುವುದು 23

ಪುಣೆ
6 ಜನವರಿ 2025

ಇವರಿಗೆ,
ಮಾನ್ಯ ಕುಲಸಚಿವರು (ಮೌಲ್ಯಮಾಪನ),
ನಾನು ಬಿ.ಎಸ್ಸಿ. ಮೊದಲ ವರ್ಷ ಓದಿದ ವಿಶ್ವವಿದ್ಯಾಲಯ

ಮಾನ್ಯರೇ,

ವಿಷಯ: ಬಿ.ಎಸ್ಸಿ. ಮೊದಲೆರಡು ಸೆಮಿಸ್ಟರ್‌ಗಳ ಕ್ರೆಡಿಟ್‌ಗಳನ್ನು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ, ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ವ್ಯವಸ್ಥೆ) ಖಾತೆಗೆ ಪೂರ್ತಿ ಜಮೆ ಮಾಡದಿರುವ ಬಗ್ಗೆ.

ಉಲ್ಲೇಖ: ನನ್ನ ಮನವಿಗಳು, ದಿನಾಂಕ 23-9-2024, 21-10-2024 ಮತ್ತು 19-11-2024.

ಮೇಲಿನ ವಿಷಯವಾಗಿ ಇದು ನನ್ನ ನಾಲ್ಕನೇ ಪತ್ರ. ಮೊದಲ ಮೂರಕ್ಕೂ ಉತ್ತರ ಬಂದಿಲ್ಲ. ಮೂರಕ್ಕೂ ಟಪಾಲು ಶಾಖೆಯ ಸ್ವೀಕೃತಿ ಮುದ್ರೆ ನನ್ನ ಬಳಿ ಇದೆ, ಹಾಗಾಗಿ ಪತ್ರ ಕೈಸೇರಲಿಲ್ಲ ಎಂಬ ಮಾತು ಬರಲಾರದು ಎಂದುಕೊಂಡಿದ್ದೇನೆ.

2023–24ರಲ್ಲಿ ನಾನು ತಮ್ಮ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜಿನಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಸೇರಿದೆ. ಎರಡೂ ಸೆಮಿಸ್ಟರ್ ಒಂದೇ ಸಲಕ್ಕೆ ಪಾಸಾಗಿದ್ದೇನೆ, ಬಾಕಿ ವಿಷಯ ಒಂದೂ ಇಲ್ಲ. ಅಷ್ಟರಲ್ಲಿ ಅಪ್ಪನಿಗೆ ಪುಣೆಗೆ ವರ್ಗವಾಯಿತು, ಮನೆ ಎತ್ತಿಕೊಂಡು ಬಂದೆವು. ಇಲ್ಲಿನ ವಿಶ್ವವಿದ್ಯಾಲಯ ನನ್ನನ್ನು ಎರಡನೇ ವರ್ಷಕ್ಕೆ ಹಂಗಾಮಿಯಾಗಿ ಸೇರಿಸಿಕೊಂಡಿದೆ. ಷರತ್ತು ಒಂದೇ: ಮೊದಲ ವರ್ಷದ ಕ್ರೆಡಿಟ್‌ಗಳು ಎಬಿಸಿ ಖಾತೆಯಲ್ಲಿ ಕಾಣಬೇಕು.

ನನ್ನ ಎರಡೂ ಅಂಕಪಟ್ಟಿಗಳಲ್ಲಿ ತಲಾ 25, ಒಟ್ಟು 50 ಕ್ರೆಡಿಟ್ ಇವೆ. ಡಿಜಿಲಾಕರ್‌ನಲ್ಲಿ ಎಬಿಸಿ ಖಾತೆ ತೆರೆದರೆ ಕಾಣುವುದು 23. ಎರಡನೇ ಸೆಮಿಸ್ಟರ್ ಇಲ್ಲವೇ ಇಲ್ಲ. ಮೊದಲನೆಯದರಲ್ಲಿ ರಸಾಯನಶಾಸ್ತ್ರದ ಪ್ರಾಯೋಗಿಕದ 2 ಕ್ರೆಡಿಟ್ ಬಿಟ್ಟುಹೋಗಿದೆ. ಥಿಯರಿಯ 4 ಇದೆ, ಸಸ್ಯಶಾಸ್ತ್ರದ 4 ಮತ್ತು 2 ಇದೆ, ಕನ್ನಡ, ಇಂಗ್ಲಿಷ್, ಮುಕ್ತ ಆಯ್ಕೆಯ ವಿಷಯ ತಲಾ 3 ಇದೆ, ಡಿಜಿಟಲ್ ಫ್ಲುಯೆನ್ಸಿಯ 2 ಇದೆ. ಯೋಗದ 1, ಆರೋಗ್ಯದ 1 ಕೂಡ ಜಾಗ್ರತೆಯಾಗಿ ಏರಿವೆ. ವಾರಕ್ಕೆ ನಾಲ್ಕು ಗಂಟೆ ನಿಂತುಕೊಂಡೇ ಮಾಡಿದ ಲ್ಯಾಬ್ ಮಾತ್ರ ಇಲ್ಲ. ಬ್ಯುರೆಟ್ ತುಂಬುವಾಗ ಚೆಲ್ಲಿದ ಪರ್ಮ್ಯಾಂಗನೇಟಿನ ಕಂದು ಕಲೆ ನನ್ನ ಏಪ್ರನ್ ಮೇಲೆ ಇನ್ನೂ ಇದೆ, ರೆಕಾರ್ಡ್ ಪುಸ್ತಕದ ಪ್ರತಿ ಪುಟದಲ್ಲೂ ಮೇಡಂ ಸಹಿ ಇದೆ. ಫಲಿತಾಂಶ ತೋರಿಸುವ ಯುಯುಸಿಎಂಎಸ್ ಜಾಲತಾಣದಲ್ಲಿ ಎರಡೂ ಸೆಮಿಸ್ಟರ್‌ಗಳ ಫಲಿತಾಂಶ ಪ್ರಾಯೋಗಿಕದ ಅಂಕ ಸಮೇತ ಸರಿಯಾಗಿಯೇ ತೋರಿಸುತ್ತದೆ. ಅಂದರೆ ಮಾಹಿತಿ ತಮ್ಮಲ್ಲಿದೆ. ಅಲ್ಲಿಂದ ಮುಂದಕ್ಕೆ ಹೋಗಿಲ್ಲ.

ಇದನ್ನು ನಾನೇ ಏರಿಸಬಹುದಾಗಿದ್ದರೆ ತಮಗೆ ಇಷ್ಟು ಬರೆಯುವ ಪ್ರಮೇಯವೇ ಇರಲಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2021ರ ನಿಯಮದಂತೆ ಈ ಬ್ಯಾಂಕು ವಿದ್ಯಾರ್ಥಿಯಿಂದ ನೇರವಾಗಿ ಯಾವ ದಾಖಲೆಯನ್ನೂ ಪಡೆಯುವುದಿಲ್ಲ, ಸಂಸ್ಥೆಯೇ ಜಮೆ ಮಾಡಬೇಕು. ಖಾತೆ ನನ್ನ ಹೆಸರಿನಲ್ಲಿದೆ, ಜಮೆ ಚೀಟಿ ತಮ್ಮ ಮೇಜಿನ ಮೇಲಿದೆ. 2023ರಲ್ಲಿ ಇದೇ ಖಾತೆಯ 12 ಅಂಕಿಯ ಐಡಿ ತಾರದಿದ್ದರೆ ಪರೀಕ್ಷಾ ಅರ್ಜಿ ಮುಟ್ಟುವುದಿಲ್ಲ ಎಂದು ಕಾಲೇಜಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಓಟಿಪಿ ಬಾರದೆ ಎರಡು ದಿನ ಸೈಬರ್ ಅಂಗಡಿಯಲ್ಲಿ ಕಾದು ಮಾಡಿಸಿಕೊಂಡೆ.

ಇನ್ನು ತಮ್ಮ ಕಚೇರಿಯಲ್ಲಿ ನನಗೆ ಸಿಕ್ಕ ಕಾರಣಗಳು.

ಅಕ್ಟೋಬರಿನಲ್ಲಿ ಹೇಳಿದ್ದು, ಹೆಸರು ಹೊಂದುತ್ತಿಲ್ಲ ಎಂದು. ಅಂಕಪಟ್ಟಿಯಲ್ಲಿ ನನ್ನ ಹೆಸರು ಮತ್ತು ಎರಡು ಇನಿಷಿಯಲ್, ಆಧಾರ್‌ನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ. ನಮ್ಮ ಕಡೆ ಅರ್ಧ ತರಗತಿಯದ್ದು ಇದೇ ಕಥೆ. ಒಪ್ಪಿದೆ, ನೋಟರಿ ಮಾಡಿಸಿದ ಅಫಿಡವಿಟ್ ಕೊಟ್ಟೆ. ಆದರೆ ಹೆಸರೇ ಅಡ್ಡಿಯಾಗಿದ್ದರೆ ಮೊದಲ ಸೆಮಿಸ್ಟರಿನ 23 ಕ್ರೆಡಿಟ್ ಅದೇ ಹೆಸರಿನಲ್ಲಿ ಹೇಗೆ ಏರಿದವು? ಈ ಪ್ರಶ್ನೆಯನ್ನು ಕೌಂಟರಿನಲ್ಲೂ ಕೇಳಿದೆ. ಕೇಸ್ ವರ್ಕರ್ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿ, “ಸಿಸ್ಟಮ್ ಹಂಗ ತೋರಸ್ತೈತ್ರಿ” ಅಂದರು.

ನವೆಂಬರಿನಲ್ಲಿ ಪುಣೆಯ ಸ್ವಾರ್‌ಗೇಟ್ ನಿಲ್ದಾಣದಿಂದ ರಾತ್ರಿ ಬಸ್ಸು ಹಿಡಿದು ಬಂದೆ. 18ರ ಬೆಳಿಗ್ಗೆ ಇಳಿದರೆ ಗೇಟು ಮುಚ್ಚಿತ್ತು, ಕನಕ ಜಯಂತಿ. ಪುಣೆಯಲ್ಲಿ ಅಂದು ರಜೆಯಿಲ್ಲ, ನನಗೆ ಮರೆತೇಹೋಗಿತ್ತು. ಆ ತಪ್ಪು ನನ್ನದೇ, ಅದನ್ನು ತಮ್ಮ ಲೆಕ್ಕಕ್ಕೆ ಹಾಕುವುದಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಉಳಿದು 19ಕ್ಕೆ ಬಂದಾಗ ಬೇರೆಯದೇ ಕಾರಣ ಸಿಕ್ಕಿತು: “ನಿಮ್ದು ಎನ್‌ಇಪಿ ಬ್ಯಾಚ್ ಅಲ್ರೀ ಅವ್ವಾ? ಆ ಸ್ಕೀಮ್ ಈಗ ಹೋಗೇತಿ.”

ಮಾನ್ಯರೇ, ಉಳಿದದ್ದನ್ನೆಲ್ಲ ಕೆಲಸದ ಒತ್ತಡ ಎಂದು ನುಂಗಿಕೊಳ್ಳಬಹುದು, ಈ ಮಾತನ್ನು ಆಗುವುದಿಲ್ಲ. 2021–22ರಲ್ಲಿ ದೇಶದಲ್ಲೇ ಮೊದಲು ಎಂದು ಕರ್ನಾಟಕ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಈ ಪದ್ಧತಿ ತಂದಿತು. 2024ರ ಮೇ ತಿಂಗಳ ಆದೇಶದಿಂದ ಹೊಸ ಪ್ರವೇಶಗಳಿಗೆ ಅದು ನಿಂತಿತು. ಸರಿಯೋ ತಪ್ಪೋ, ಅದು ಸರ್ಕಾರದ ವಿಚಾರ. ಆದರೆ ಅದೇ ಆದೇಶದ ಪ್ರಕಾರ ಮೊದಲೇ ಸೇರಿದ ನಾವು ಸೇರಿದ ಪಠ್ಯಕ್ರಮದಲ್ಲೇ ಓದು ಮುಗಿಸುವವರು. ನಮ್ಮದು ಕೊನೆಯ ಬ್ಯಾಚು, ಅಷ್ಟೇ. ಎಲ್ಲಿಗೆ ಹೋದರೂ ನಿಮ್ಮ ಕ್ರೆಡಿಟ್ ನಿಮ್ಮ ಹಿಂದೆ ಬರುತ್ತದೆ ಎಂದು ಸ್ವಾಗತ ಸಮಾರಂಭದ ದಿನ ವೇದಿಕೆಯ ಮೇಲಿಂದ ನಮಗೆ ಹೇಳಿದ್ದು ತಮ್ಮ ವಿಶ್ವವಿದ್ಯಾಲಯದಿಂದ ಬಂದವರೇ. ಜಮೆಯಾದ ಕ್ರೆಡಿಟ್ ಏಳು ವರ್ಷ ಊರ್ಜಿತ ಎಂಬುದನ್ನೂ ಅಂದೇ ಕೇಳಿದ್ದೆ. ನನ್ನದು ಜಮೆಯಾಗುವ ಮೊದಲೇ ಹಳತಾಯಿತು.

ಬೇರೆ ವಿಶ್ವವಿದ್ಯಾಲಯಕ್ಕೆ ಕ್ರೆಡಿಟ್ ವರ್ಗಾವಣೆಯೇ ನಿಯಮಬಾಹಿರ ಎಂಬ ಮಾತೂ ಒಮ್ಮೆ ಬಂತು. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಎಂದು ನಿಯಮ ಹೇಳುತ್ತದೆ. ಇಲ್ಲಿ ಮೂರು ವರ್ಷದ ಪದವಿಗೆ 132 ಕ್ರೆಡಿಟ್. ಅದರಲ್ಲಿ ನಾನು ತರುವುದು 50.

ಪಠ್ಯಕ್ರಮದ ಪ್ರತಿಯದ್ದೂ ಹೀಗೇ ಆಯಿತು. ಇಲ್ಲಿನವರು ವಿಷಯವಾರು ತಾಳೆ ನೋಡಲು ವಿಶ್ವವಿದ್ಯಾಲಯದ ಮುದ್ರೆಯಿರುವ ಪ್ರತಿ ಕೇಳುತ್ತಾರೆ. ತಮ್ಮ ಕಚೇರಿಯವರು ವೆಬ್‌ಸೈಟಿನಲ್ಲಿದೆ, ಪ್ರಿಂಟ್ ತೆಗೆದುಕೊಳ್ಳಿ ಎನ್ನುತ್ತಾರೆ. ಪ್ರಿಂಟಿಗೆ ಮುದ್ರೆ ಹಾಕುವವರು ಯಾರು? ನಮ್ಮ ಕಾಲೇಜಿನ ಕನ್ನಡ ಮೇಷ್ಟ್ರು ತಾವಾಗಿಯೇ ಓಡಾಡಿ ಕನ್ನಡದ ಪಠ್ಯಕ್ಕೆ ಮುದ್ರೆ ಹಾಕಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರು. ಹೀಗಾಗಿ ಮಹಾರಾಷ್ಟ್ರದಲ್ಲಿ ನನ್ನ ಕನ್ನಡ ತಕರಾರಿಲ್ಲದೆ ಅಂಗೀಕಾರವಾಗಿದೆ, ರಸಾಯನಶಾಸ್ತ್ರ ಬಾಗಿಲಲ್ಲೇ ನಿಂತಿದೆ.

ಮೈಗ್ರೇಷನ್ ಸರ್ಟಿಫಿಕೇಟ್ ಮಾತ್ರ ಶುಲ್ಕ ಕಟ್ಟಿದ ಒಂಬತ್ತನೇ ದಿನಕ್ಕೆ ಕೈಗೆ ಬಂತು, ಅದಕ್ಕೆ ಕೃತಜ್ಞಳು. ತಮ್ಮ ಕಚೇರಿಗೆ ಬೇಗ ಕೆಲಸ ಮಾಡಲು ಬರುತ್ತದೆ ಎಂದು ನನಗೆ ಗೊತ್ತಾದದ್ದೂ ಅದರಿಂದಲೇ. ಕ್ರೆಡಿಟ್ ಕೇಳಿ ಇಂದಿಗೆ 105 ದಿನ. “ದೇವರು ವರ ಕೊಟ್ಟರೂ ಪೂಜಾರಿ ಕೊಡ” ಎಂದು ಅಪ್ಪ ಈಗೀಗ ದಿನಾ ಅನ್ನುತ್ತಾರೆ. ತಮ್ಮ ವರ್ಗಾವಣೆಯಿಂದಲೇ ಮಗಳ ವರ್ಷ ಹೋಯಿತೆಂಬ ಸಂಕಟ ಅವರದು, ಆ ಮಾತನ್ನು ನಾನು ಕೇಳಿಸಿಕೊಳ್ಳದವಳಂತೆ ಇರುತ್ತೇನೆ.

ಮೂರನೇ ಸೆಮಿಸ್ಟರ್ ಪರೀಕ್ಷೆ ಬರೆದಿದ್ದೇನೆ. ಫಲಿತಾಂಶ ತಡೆಹಿಡಿದಿದ್ದಾರೆ. ಜನವರಿ 31ರೊಳಗೆ ಕ್ರೆಡಿಟ್ ಕಾಣದಿದ್ದರೆ ಹಂಗಾಮಿ ಪ್ರವೇಶ ರದ್ದಾಗಿ, ಜೂನ್‌ನಲ್ಲಿ ಮತ್ತೆ ಮೊದಲ ವರ್ಷಕ್ಕೆ ಸೇರಬೇಕೆಂದು ಲಿಖಿತವಾಗಿ ತಿಳಿಸಿದ್ದಾರೆ.

ಆದ್ದರಿಂದ ಎರಡನೇ ಸೆಮಿಸ್ಟರಿನ 25 ಮತ್ತು ಮೊದಲನೆಯದರಲ್ಲಿ ಬಿಟ್ಟುಹೋದ 2 ಕ್ರೆಡಿಟ್‌ಗಳನ್ನು ಜನವರಿ 20ರೊಳಗೆ ಜಮೆ ಮಾಡಿಸಬೇಕು. ಅದೇ ವೇಳೆಗೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರದ ಪಠ್ಯಕ್ರಮವನ್ನು ಥಿಯರಿ-ಪ್ರಾಯೋಗಿಕದ ಗಂಟೆಗಳ ವಿವರದೊಂದಿಗೆ ದೃಢೀಕರಿಸಿ ಅಂಚೆಯಲ್ಲಿ ಕಳಿಸಬೇಕು. ಹೆಸರಿನ ತೊಡಕು ನಿಜವಾಗಿಯೂ ಇದ್ದಲ್ಲಿ, ಯಾವ ದಾಖಲೆಯಲ್ಲಿ ಯಾವ ಅಕ್ಷರ ತಪ್ಪಿದೆ ಎಂದು ಬರೆದು ತಿಳಿಸಿ, ಮರುದಿನವೇ ಸರಿಪಡಿಸುತ್ತೇನೆ. ಕೌಂಟರಿನ ಬಾಯಿಮಾತು ಇನ್ನು ಬೇಡ.

ಈ ಪತ್ರದ ಪ್ರತಿಯನ್ನು ತಮ್ಮ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೂ ಇಂದೇ ಕಳಿಸುತ್ತಿದ್ದೇನೆ. ಯುಜಿಸಿಯ 2023ರ ನಿಯಮದಂತೆ ಸಮಿತಿಗೆ 15 ಕೆಲಸದ ದಿನಗಳ ಗಡುವಿದೆ. ಅಲ್ಲೂ ನ್ಯಾಯ ಸಿಗದಿದ್ದರೆ ಓಂಬುಡ್ಸ್‌ಪರ್ಸನ್ ಮುಂದೆ ಮೇಲ್ಮನವಿ ಹಾಕುತ್ತೇನೆ. ನನ್ನ ಮೂರು ಮನವಿಗಳ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂದು ಮಾಹಿತಿ ಹಕ್ಕಿನಡಿ ಕೇಳುವ ಅರ್ಜಿಯೂ ಸಿದ್ಧವಿದೆ. ಅದನ್ನು ಜನವರಿ 20ರವರೆಗೆ ಅಂಚೆಗೆ ಹಾಕುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಬಿ.ಎಸ್ಸಿ. ವಿದ್ಯಾರ್ಥಿನಿ, 2023–24ನೇ ಸಾಲಿನ ಪ್ರವೇಶ

ಲಗತ್ತು: ಎರಡೂ ಅಂಕಪಟ್ಟಿಗಳು, ಎಬಿಸಿ ಖಾತೆಯ ಇಂದಿನ ಸ್ಕ್ರೀನ್‌ಶಾಟ್, ಅಫಿಡವಿಟ್, ಸ್ವೀಕೃತಿ ಮುದ್ರೆಯಿರುವ ಮೂರು ಮನವಿಗಳು, ಹೊಸ ವಿಶ್ವವಿದ್ಯಾಲಯದ ಪತ್ರ, ರಸಾಯನಶಾಸ್ತ್ರ ರೆಕಾರ್ಡ್ ಪುಸ್ತಕದ ಪ್ರಮಾಣಪತ್ರದ ಪುಟ.